ಮುರಿದ ಕಾಲು ಯಾರದ್ದು

ನನ್ನ ಕೆಲಸವನ್ನು ನಮ್ಮಮ್ಮ ಊರ ಉಸಾಬರಿ ಎನ್ನುತ್ತಿದ್ದರು. "ಯಾರದ್ದೋ ಕಾರು ಯಾರಿಗೋ ಗುದ್ದಿದರೆ ನಿನಗೆಂತ ಮಾರಾಯ್ತಿ?" ಎಂದು ದಿನಾ ಕೇಳುತ್ತಿದ್ದರು. ಆ ಉಸಾಬರಿಗೇ ನನಗೆ ಸಂಬಳ ಬರುತ್ತಿತ್ತು. ಅಪಘಾತವಾಗಿ ಯಾರಾದರೂ ಪರಿಹಾರ ಕೇಳಿದಾಗ, ಅವರು ಹೇಳುವುದು ನಿಜವೋ ಸುಳ್ಳೋ ಎಂದು ವಿಮೆ ಕಂಪನಿಯ ಪರವಾಗಿ ಜಾಗಕ್ಕೆ ಹೋಗಿ ವಿಚಾರಿಸಿ ಬರೆದುಕೊಡುವ ಸಣ್ಣ ಆಫೀಸು ನಮ್ಮದು. ಕಾರ್ಡಿನಲ್ಲಿ ಇನ್ವೆಸ್ಟಿಗೇಟರ್ ಎಂದು ಅಚ್ಚಾಗಿತ್ತು. ಅದನ್ನು ಓದಿದವರು ತಲೆಯೆತ್ತಿ ನನ್ನನ್ನು ನೋಡಿದರೆ ಕಾಣುತ್ತಿದ್ದದ್ದು ಕಾಟನ್ ಸೀರೆ, ಹೆಗಲಿನಲ್ಲಿ ಉಬ್ಬಿದ ಬ್ಯಾಗು, ಕೈಯಲ್ಲಿ ಕೊಡೆ. ಅವರಿಗೆ ನಿರಾಸೆಯಾಗುತ್ತಿತ್ತು, ನನಗೆ ಅದರಿಂದ ಉಪಕಾರವೇ ಆಯಿತು. ಕೊಡೆ ಹಿಡಿದ ಹೆಂಗಸಿಗೆ ಈ ಮುಂಬಯಿಯಲ್ಲಿ ಬಾಗಿಲು ಬೇಗ ತೆರೆಯುತ್ತದೆ.

ನಿವೃತ್ತಿಯಾದ ಮೇಲೆ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಫೋನ್ ಮಾಡಿದಳು. ಮನೆಮಾತು ಕನ್ನಡ, ಆದರೆ ಎರಡನೇ ವಾಕ್ಯಕ್ಕೇ ಹಿಂದಿಗೆ ಜಾರುತ್ತಾಳೆ. "ಆಂಟಿ, ಸ್ವಲ್ಪ ಟಿಪ್ಸ್ ದೀಜಿಯೆ ನಾ" ಎಂದಳು. ಟಿಪ್ಸ್ ಎಂದರೆ ಹೋಟೆಲಿನಲ್ಲಿ ಮಾಣಿಗೆ ಕೊಡುವುದು ಎಂದಷ್ಟೇ ಗೊತ್ತಿರುವ ಉಡುಪಿ ಕಡೆಯ ಮನೆತನ ನನ್ನದು. ಆದರೂ ಬರೆಯುತ್ತಿದ್ದೇನೆ, ಅದೂ ಕನ್ನಡದಲ್ಲೇ. ಅವಳಮ್ಮ ಓದಿ ಹೇಳಲಿ.

ಸೇರಿದ ಹೊಸತರಲ್ಲಿ ನಾನು ಮಾಡಿದ ಮಂಗಾಟ ಕೇಳಿ. ಗೋರೆಗಾಂವಿನ ಒಂದು ರಸ್ತೆಯಲ್ಲಿ ಟೆಂಪೋ ತಾಗಿ ಸೈಕಲ್ಲಿನಿಂದ ಬಿದ್ದೆ ಎಂದು ಒಬ್ಬರು ಕ್ಲೇಮು ಹಾಕಿದ್ದರು. ನಾನು ಮಧ್ಯಾಹ್ನ ಆರಾಮಾಗಿ ಊಟ ಮುಗಿಸಿ ಹೋಗಿ ನೋಡಿದೆ. ರಸ್ತೆ ಮೈದಾನದಷ್ಟು ಅಗಲ, ಒಂದು ನಾಯಿ ಮಲಗಿತ್ತು. "ಇಲ್ಲಿ ಡಿಕ್ಕಿಯಾಗಲು ಕಾರಣವೇ ಇಲ್ಲ" ಎಂದು ಜಾಣೆಯಂತೆ ಬರೆದುಕೊಟ್ಟೆ. ನಮ್ಮ ಮೇಲಧಿಕಾರಿ ಪರಾಂಜಪೆ ಸಾಹೇಬರು ಓದಿ, ಏನೂ ಬೈಯದೆ, "ಬೆಳಿಗ್ಗೆ ಹೋಗು" ಎಂದರು. ಬೆಳಿಗ್ಗೆ ಹೋದರೆ ರಸ್ತೆಯೇ ಇಲ್ಲ. ಎರಡೂ ಕಡೆಯಿಂದ ತರಕಾರಿ ಬುಟ್ಟಿಗಳು ನಡುಮಧ್ಯಕ್ಕೆ ಬಂದು ಕೂತಿದ್ದವು, ಟೆಂಪೋಗಳು ಕೊತ್ತಂಬರಿ ಕಟ್ಟಿನ ಮೇಲೇ ಹಿಂದೆ ಸರಿಯುತ್ತಿದ್ದವು. ಅಂದಿನಿಂದ ನನ್ನ ನಿಯಮ ಒಂದೇ: ಅಪಘಾತ ಆದ ಹೊತ್ತಿಗೇ ಆ ಜಾಗಕ್ಕೆ ಹೋಗಬೇಕು.

ಪರಾಂಜಪೆಯವರಿಗೆ ಒಂದು ಪಲ್ಲವಿ ಇತ್ತು: "ಫೋಟೋ ಆಣ, ಗೋಷ್ಟ್ ನಕೋ." ಫೋಟೋ ತಾ, ಕತೆ ಬೇಡ ಎಂದು. ಈಗ ಅವರ ಮಾತೇ ಗೆದ್ದಿದೆ. ಗೇಟಿಗೊಂದು ಕ್ಯಾಮೆರಾ, ಕೈಗೊಂದು ಮೊಬೈಲು. ಹೊಸ ಹುಡುಗಿಯರು ಕುರ್ಚಿ ಬಿಟ್ಟೇಳದೆ ರಸ್ತೆಯ ಚಿತ್ರ ತರಿಸಿಕೊಂಡು ರಿಪೋರ್ಟು ಮುಗಿಸುತ್ತಾರೆ. ತಪ್ಪೆನ್ನುವುದಿಲ್ಲ, ಬಿಸಿಲಿನಲ್ಲಿ ಸುತ್ತುವುದು ಯಾರಿಗೂ ಬೇಡ. ಆದರೆ ಕ್ಯಾಮೆರಾ ಎಲ್ಲವನ್ನೂ ತೋರಿಸಿಯೂ ಏನನ್ನೂ ಹೇಳದೆ ಹೋದ ಒಂದು ಕೇಸನ್ನು ನಾನು ನೋಡಿದ್ದೇನೆ. ನಿವೃತ್ತಿಗೆ ಕೆಲವೇ ವರ್ಷಗಳಿದ್ದಾಗ ಬಂದದ್ದು. ಇನ್ನು ಹೇಳುವುದೆಲ್ಲ ಅದೊಂದರದ್ದೇ.

ಮಲಾಡಿನ ಒಂದು ಓಣಿಯಲ್ಲಿ ಬೆಳಗಿನ ಹೊತ್ತು ಸೈಕಲ್ಲಿನ ಇಡ್ಲಿಯವನಿಗೆ ಕಾರೊಂದು ಹಿಂದಿನಿಂದ ಗುದ್ದಿತ್ತು. ತೊಡೆಯ ಎಲುಬು ಮುರಿದು ಒಳಗೆ ರಾಡು ಹಾಕಿದ್ದರು. ಎದುರಿನ ಸೊಸೈಟಿಯ ಕ್ಯಾಮೆರಾದಲ್ಲಿ ಕಾರು, ಸೈಕಲ್ಲು, ಉರುಳಿದ ಅಲ್ಯೂಮಿನಿಯಂ ಪಾತ್ರೆ, ರಸ್ತೆ ತುಂಬ ಚೆಲ್ಲಿದ ಇಡ್ಲಿ ಎಲ್ಲ ಕಾಣುತ್ತಿತ್ತು. ಬಿದ್ದವನ ಬೆನ್ನು ಮಾತ್ರ ಕಾಣುತ್ತಿತ್ತು, ಮುಖ ಇಲ್ಲ. ಕಾರಿನವನ ತಪ್ಪು ಎಂಬುದರಲ್ಲಿ ತಕರಾರೇ ಇರಲಿಲ್ಲ. ತಕರಾರು ಇದ್ದದ್ದು ಬೇರೆ. ಪೊಲೀಸರ ಕಾಗದದಲ್ಲಿ, ಆಸ್ಪತ್ರೆಯ ಕೇಸ್ ಪೇಪರಿನಲ್ಲಿ, ಎಕ್ಸ್-ರೇ ಮೇಲೆ ಕೂಡ ಗಾಯಾಳುವಿನ ಹೆಸರು ಮಲ್ಲಪ್ಪ. ಪರಿಹಾರ ಕೇಳಿ ಅರ್ಜಿ ಹಾಕಿದವನ ಹೆಸರು ಬಸವರಾಜ. ಆಧಾರ್ ಕಾರ್ಡಿನಲ್ಲೂ ಬಸವರಾಜನೇ. ಅವನ ವಕೀಲರು ಅರ್ಜಿಯಲ್ಲಿ "ಬಸವರಾಜ ಉರ್ಫ್ ಮಲ್ಲಪ್ಪ" ಎಂದು ಸೇರಿಸಿ ಕೈತೊಳೆದುಕೊಂಡಿದ್ದರು.

ಕಂಪನಿಯವರಿಗೆ ಇಷ್ಟು ಸಾಕು. ಯಾರದ್ದೋ ಮುರಿದ ಕಾಲನ್ನು ಇನ್ಯಾರೋ ತನ್ನದೆಂದು ಹೇಳುತ್ತಿದ್ದಾನೆ, ನಕಲಿ ಕ್ಲೇಮು, ಹಿಡಿದುಕೊಡಿ ಎಂದು ಫೈಲು ನಮಗೆ ಕಳಿಸಿದರು. ಸುಳ್ಳೆಂದು ಸಾಬೀತಾದರೆ ಬಸವರಾಜನಿಗೆ ಪರಿಹಾರ ತಪ್ಪುವುದಷ್ಟೇ ಅಲ್ಲ, ಮೋಸದ ಕೇಸೂ ಬೀಳುತ್ತಿತ್ತು. ಪರಾಂಜಪೆಯವರು ಫೈಲನ್ನು ನನ್ನ ಮೇಜಿನ ಮೇಲಿಟ್ಟು, "ಸುಮತಿಬಾಯಿ, ನಿಮ್ಮ ಕಡೆಯವರು. ಮಲ್ಲಪ್ಪನನ್ನು ಹುಡುಕಿ. ಮಲ್ಲಪ್ಪ ಸಿಕ್ಕಿದ ದಿನ ಕೇಸು ಮುಗಿಯಿತು" ಎಂದರು. ನನಗೂ ಮಲ್ಲಪ್ಪನನ್ನು ನೋಡುವ ಆಸೆ ಹುಟ್ಟಿತು. ತನ್ನ ಕಾಲು ಮುರಿದುಕೊಂಡು, ಪರಿಹಾರವನ್ನು ಮತ್ತೊಬ್ಬನಿಗೆ ಬಿಟ್ಟು ಕಾಣೆಯಾದವನು ಎಂಥವನಿರಬೇಕು?

ಮರುದಿನ ಬೆಳಿಗ್ಗೆ ಮಲಾಡಿನ ಆ ಓಣಿಗೆ ಹೋದೆ. ಮೊದಲ ಮಾಳಿಗೆಯ ಹಂಸಾಬೆನ್ ಎಂಬ ಗುಜರಾತಿ ಗೃಹಿಣಿ ಬಾಲ್ಕನಿಯಲ್ಲಿ ತುಳಸಿಗೆ ನೀರು ಹಾಕುತ್ತಿದ್ದರು. ಕೊಡೆ ನೋಡಿ ಒಳಗೆ ಕರೆದರು, ಚಹಾ ಬಂತು. ಅಪಘಾತ ಆದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಗಾಯಾಳುವಿಗೆ ನೀರು ಕುಡಿಸಿದ್ದೂ ಅವರೇ, ಪೊಲೀಸರಿಗೆ ಹೆಸರು ಹೇಳಿದ್ದೂ ಅವರೇ. "ಬೇಚಾರಾ ಮಲ್ಲಪ್ಪ, ಎಷ್ಟು ವರ್ಷದಿಂದ ಬರುತ್ತಾನೆ" ಎಂದು ಹಿಂದಿಯಲ್ಲಿ ಮರುಗಿದರು. ನಾನು ಬ್ಯಾಗಿನಿಂದ ಬಸವರಾಜನ ಫೋಟೋ ತೆಗೆದು ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಹಾಂ, ಇವನೇ ಮಲ್ಲಪ್ಪ" ಎಂದರು.

ಬಸವರಾಜನೇ ಮಲ್ಲಪ್ಪ, ಇಬ್ಬರೂ ಒಬ್ಬರೇ, ಕೇಸು ಮುಗಿಯಿತು ಎಂದು ನಾನು ಚಹಾದ ಕಪ್ಪು ಕೆಳಗಿಡುವಷ್ಟರಲ್ಲಿ ಕೆಳಗಿನಿಂದ ರಬ್ಬರ್ ಹಾರ್ನಿನ ಪೊಂ ಪೊಂ ಕೇಳಿಸಿತು. ಹಂಸಾಬೆನ್ ಎದ್ದು ಹೋಗಿ ಬಾಲ್ಕನಿಯಿಂದ ಬಗ್ಗಿ ಕೂಗಿದರು: "ಅರೆ ಮಲ್ಲಪ್ಪಾ, ದೋ ಪ್ಲೇಟ್ ಇಡ್ಲಿ, ಚಟ್ನಿ ಜ್ಯಾದಾ!"

ಕೆಳಗಿನಿಂದ "ಲಾಯಾ ಭಾಬೀ" ಎಂಬ ಉತ್ತರ ಬಂತು.

ನಾನು ಬಗ್ಗಿ ನೋಡಿದೆ. ಸೈಕಲ್ಲು ಹಿಡಿದು ನಿಂತವನು ಐವತ್ತರ ಸುಮಾರಿನ, ಹುರಿಮೀಸೆಯ, ತೆಳ್ಳನೆಯ ಆಸಾಮಿ. ಫೋಟೋದಲ್ಲಿದ್ದ ಬಸವರಾಜನಿಗೆ ಮೀಸೆಯೂ ಇಲ್ಲ, ಅಷ್ಟು ವಯಸ್ಸೂ ಇಲ್ಲ. "ಇವನು ಯಾರು?" ಎಂದು ಕೇಳಿದೆ. ಹಂಸಾಬೆನ್ ನನ್ನನ್ನು ವಿಚಿತ್ರವಾಗಿ ನೋಡಿ "ಮಲ್ಲಪ್ಪ" ಎಂದರು. ಹಾಗಾದರೆ ಕಾಲು ಮುರಿದುಕೊಂಡವನು? ಅವನೂ ಮಲ್ಲಪ್ಪನೇ. ಇವನು ಅವನ ಬದಲಿಗೆ ಬಂದ ಮಲ್ಲಪ್ಪ. ಇದರಲ್ಲಿ ಕೇಳುವುದಕ್ಕೆ ಏನಿದೆ ಎಂಬಂತೆ ಅವರು ಸ್ಟೀಲಿನ ಡಬ್ಬಿ ಹಿಡಿದು ಕೆಳಗಿಳಿದರು. ನಾನೂ ಹಿಂದೆಯೇ ಇಳಿದೆ.

ಎರಡು ಇಡ್ಲಿ ತಿಂದು, ಆಮೇಲೆ ವಿಮೆ ಆಫೀಸಿನವಳು ಎಂದು ಹೇಳಿ ಕನ್ನಡದಲ್ಲಿ ಮಾತು ತೆಗೆದೆ. ಖಾಲಿ ಹೊಟ್ಟೆಯಲ್ಲಿ ಪ್ರಶ್ನೆ ಕೇಳಬಾರದು, ಇದನ್ನು ಟಿಪ್ಸ್ ಎಂದೇ ಬರೆದುಕೊಳ್ಳಬಹುದು. "ನೀವು ಮಲ್ಲಪ್ಪನವರಾ?"

"ಹೌದ್ರಿ."

"ಮನೆಯಲ್ಲೂ ನಿಮ್ಮ ಹೆಸರು ಮಲ್ಲಪ್ಪನೇಯಾ?"

ಅವನು ಚಟ್ನಿಯ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಅತ್ತಿತ್ತ ನೋಡಿದ. ಕನ್ನಡ ಕೇಳಿ ಸಂತೋಷವಾದದ್ದೂ ಹೆದರಿದ್ದೂ ಒಟ್ಟಿಗೇ ಮುಖದಲ್ಲಿ ಕಂಡಿತು. "ಮನ್ಯಾಗ ಸಿದ್ರಾಮ ಅಂತಾರ್ರಿ ಅಕ್ಕಾರ. ಆದ್ರ ಈ ಲೈನಿಗೆ ಯಾರ ಬಂದ್ರೂ ಮಲ್ಲಪ್ಪನ. ನನ್ನಕಿಂತ ಮೊದ್ಲ ಬಸವರಾಜ ಇದ್ದ, ಅವನಕಿಂತ ಮೊದ್ಲ ಇನ್ನೊಬ್ಬಾವ ಇದ್ದ. ಎಲ್ಲಾರೂ ಮಲ್ಲಪ್ಪನ."

"ನಿಜವಾದ ಮಲ್ಲಪ್ಪ ಎಲ್ಲಿದ್ದಾರೆ?"

"ಅದನ್ನ ನನಗ ಕೇಳಬ್ಯಾಡ್ರಿ. ಧಾರಾವಿಗೆ ಹೋಗಿ ಗಂಗವ್ವನ್ನ ಕೇಳ್ರಿ" ಎಂದವನೇ ಹಾರ್ನು ಒತ್ತುತ್ತ ಸೈಕಲ್ಲು ತಳ್ಳಿಕೊಂಡು ಹೋಗಿಬಿಟ್ಟ.

ಲೈನು ಎಂದರೇನು ಎಂದು ಹೇಳಿಬಿಡುತ್ತೇನೆ. ಮುಂಬಯಿಯಲ್ಲಿ ಸೈಕಲ್ಲಿನ ಮೇಲೆ ಇಡ್ಲಿ ಮಾರುವವರಲ್ಲಿ ತಮಿಳರೇ ಹೆಚ್ಚು. ನಡುವೆ ಉತ್ತರ ಕರ್ನಾಟಕದ ಕೆಲವರಿದ್ದಾರೆ. ಒಬ್ಬೊಬ್ಬರು ಸುತ್ತುವ ಓಣಿಗಳ ಸಾಲಿಗೆ ಲೈನು ಎನ್ನುತ್ತಾರೆ. ಒಬ್ಬನ ಲೈನಿಗೆ ಇನ್ನೊಬ್ಬ ಕಾಲಿಡುವುದಿಲ್ಲ. ಈ ಲೈನಿನವರು ಬೆಳಗಾಗುವ ಮೊದಲೇ ಧಾರಾವಿಯಲ್ಲಿ ಇಡ್ಲಿ ಬೇಯಿಸಿ, ಪಾತ್ರೆಯನ್ನು ಮಾಹಿಮ್ ಸ್ಟೇಷನ್ನಿನಿಂದ ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ಮಲಾಡಿಗೆ ತರುತ್ತಿದ್ದರು. ಸೈಕಲ್ಲು ಮಲಾಡಿನಲ್ಲೇ ಒಂದು ಬಿಲ್ಡಿಂಗಿನ ವಾಚ್‌ಮನ್ನನ ಹತ್ತಿರ ಇರುತ್ತಿತ್ತು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು.

ಅದೇ ಮಧ್ಯಾಹ್ನ ಧಾರಾವಿಗೆ ಹೋದೆ. ಚರ್ಮದ ಬ್ಯಾಗು ಹೊಲಿಯುವ ಕಾರ್ಖಾನೆಯ ಪಕ್ಕದ ಗಲ್ಲಿಯಲ್ಲಿ ಗಂಗವ್ವನ ಮನೆ ಕೇಳಿದರೆ ಯಾರೂ ತಡಮಾಡದೆ ಕೈ ತೋರಿಸಿದರು. ಕೆಳಗೊಂದು ಕೋಣೆ, ಏಣಿ ಹತ್ತಿದರೆ ಮೇಲೊಂದು ಅಟ್ಟ. ಕೋಣೆಯ ಅರ್ಧ ಭಾಗ ಗ್ರೈಂಡರಿನದ್ದೇ. ಅದರ ಹತ್ತಿರ ಕಟ್ಟುಮಸ್ತಾದ ಹೆಂಗಸೊಬ್ಬಳು ಇಳಕಲ್ ಸೀರೆ ಎತ್ತಿ ಕಟ್ಟಿಕೊಂಡು ಉದ್ದಿನಬೇಳೆ ತೊಳೆಯುತ್ತಿದ್ದಳು. ನನಗಿಂತ ಕೆಲವು ವರ್ಷ ಹಿರಿಯಳು.

"ಇದು ಮಲ್ಲಪ್ಪನವರ ಮನೆಯಾ?" ಎಂದೆ.

"ಹೌದ್ರಿ ತಂಗಿ, ಅವರದ."

"ಅವರು ಇದ್ದಾರಾ?"

"ಲೈನಿಗೆ ಹೋಗ್ಯಾರ" ಎಂದಳು, ಕೈ ನಿಲ್ಲಿಸದೆ.

ಆಗ ಅಟ್ಟದಿಂದ ದನಿ ಬಂತು. "ಅತ್ತಿ, ಆಕಿ ವಿಮಾ ಕಂಪನಿಯಾಕಿ. ಸಿದ್ರಾಮ ಫೋನ್ ಮಾಡಿದ್ದ." ತಲೆಯೆತ್ತಿದರೆ ಫೋಟೋದ ಬಸವರಾಜ ಅಟ್ಟದ ಅಂಚಿಗೆ ತೆವಳಿ ಬಂದು ಇಣುಕುತ್ತಿದ್ದ. ಏಣಿ ಇಳಿಯಲು ಅವನಿಗೆ ಇನ್ನೂ ಇಬ್ಬರ ಸಹಾಯ ಬೇಕಿತ್ತು. ಗಂಗವ್ವನ ಅಣ್ಣನ ಮಗ, ವಿಜಯಪುರ ಜಿಲ್ಲೆಯವನು.

ಗಂಗವ್ವ ಕೈ ಒರೆಸಿಕೊಂಡು ಬಾಗಿಲು ಮುಂದೆ ಮಾಡಿದಳು. ನನಗೆ ಚೂರು ಹೆದರಿಕೆಯೂ ಆಯಿತು. ಅವಳು ಏನೂ ಬೈಯಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಅವಳ ಗಂಡ ಮಲ್ಲಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಒಂದು ಸಂಜೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮಾರನೆಯ ದಿನಕ್ಕೆಂದು ಅಕ್ಕಿ ಬೇಳೆ ನೆನೆದು ಕೂತಿತ್ತು.

"ನೆಂದದ್ದನ್ನ ಏನ್ ಮಾಡ್ಲಿ ತಂಗಿ? ಆ ಕಡೆ ಮಣ್ಣಿಗೆ ಒಯ್ದರು, ಈ ಕಡೆ ನಾ ರುಬ್ಬಿದೆ. ಊರಿನ ಹುಡುಗನ ಕೈಯಾಗ ಪಾತ್ರಿ ಕೊಟ್ಟು ಕಳಿಸಿದೆ. ಮ್ಯಾಲಿನ ಮನಿ ಬಾಯಿಯಾರು ಅವರ ಹೆಸರು ಹಿಡಿದು ಕೂಗಿದ್ರಂತ. ಇಂವ ಹಾಂ ಅಂದನಂತ. ಇಡ್ಲಿ ಎಲ್ಲಾ ಖಾಲಿ ಆಗಿ ಬಂತು. ಮರುದಿನಾನೂ ಹಂಗ. ಯಾರೂ ಮಾರಿ ನೋಡಲೇ ಇಲ್ಲ ತಂಗಿ, ಹಾರ್ನ್ ಕೇಳಿದ್ರು, ಹೆಸರು ಕೂಗಿದ್ರು, ಅಷ್ಟ."

ನನಗೆ ನಗು ಬಂತು, ಕೂಡಲೇ ನಾಚಿಕೆಯೂ ಆಯಿತು. ನಮ್ಮ ಬಿಲ್ಡಿಂಗಿಗೆ ಹಾಲು ತರುವವನ ಮುಖವನ್ನು ನಾನಾದರೂ ಯಾವಾಗ ಸರಿಯಾಗಿ ನೋಡಿದ್ದೇನೆ?

ಆದರೆ ಕಾಲು ಮುರಿದ ಮೇಲಾದರೂ ನಿಜವಾದ ಹೆಸರು ಹೇಳಬಹುದಿತ್ತಲ್ಲ ಎಂದು ಬಸವರಾಜನನ್ನು ಕೇಳಿದೆ. ರಸ್ತೆಯಲ್ಲಿ ಯಾರೋ ನೀರು ಕುಡಿಸಿದ್ದಷ್ಟೇ ನೆನಪು, ಆಮೇಲೆ ಪ್ರಜ್ಞೆ ತಪ್ಪಿತಂತೆ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟರೆ ನರ್ಸು "ಮಲ್ಲಪ್ಪಾ" ಎಂದು ಕರೆಯುತ್ತಿದ್ದಳಂತೆ. "ವರ್ಷಾನುಗಟ್ಟಲೆ ಅದಕ್ಕ ಓ ಅಂದಾವ ನಾ. ಅವತ್ತೂ ಅಂದೆ. ಆಮ್ಯಾಲ ತಿದ್ದಬೇಕಂದ್ರ ಒಂದರ ಹಿಂದ ಒಂದು ಕೇಳ್ತಾರಲ್ರಿ ಅಕ್ಕಾರ. ಹಂಗಾರ ಮಲ್ಲಪ್ಪ ಯಾರು, ಅಂವ ಎಲ್ಲಿ ಅದಾನ ಅಂತ."

"ಕೇಳಿದರೆ ಕೇಳಲಿ. ತೀರಿಕೊಂಡರು ಎಂದರೆ ಮುಗಿಯಿತು."

ಅವನು ಅತ್ತೆಯ ಕಡೆ ನೋಡಿದ. ಅವಳು ಚಹಾಕ್ಕೆ ಹಾಲು ತರಲು ಹೊರಗೆ ಹೋದ ಮೇಲೆ ಬಾಯಿಬಿಟ್ಟ. ಇಡ್ಲಿ ಮಾರುವವರಲ್ಲಿ ಒಂದು ಕಟ್ಟಳೆ. ಓಣಿಯವರು ಯಾರ ಹೆಸರು ಕೂಗುತ್ತಾರೋ ಲೈನು ಅವನದ್ದು. ಸತ್ತವನಿಗೆ ಲೈನಿಲ್ಲ, ಯಾರು ಬೇಕಾದರೂ ಹೊಗಬಹುದು. ಅದಕ್ಕೇ ಗಂಗವ್ವ ಆಮೇಲೆ ಬಂದವರಿಂದೆಲ್ಲ ಒಂದೇ ಮಾತು ತೆಗೆದುಕೊಂಡಿದ್ದಳು: ಲೈನಿನ ಮೇಲೆ ನಿಮ್ಮ ಹೆಸರು ಹೇಳುವಂತಿಲ್ಲ. ತುಳಿಯುವವರು ಬದಲಾದರು, ರುಬ್ಬುವವಳು ಅವಳೇ. ಬಂದದ್ದರಲ್ಲಿ ಅವಳ ಪಾಲು ಅವಳಿಗೆ. ಬೇರೆ ಆದಾಯವಿಲ್ಲ, ಮಕ್ಕಳಿಲ್ಲ.

"ಧಾರಾವಿಯಲ್ಲಿ ಎಲ್ಲರಿಗೂ ಮಲ್ಲಪ್ಪ ಸತ್ತದ್ದು ಗೊತ್ತಲ್ಲ?" ಎಂದು ಕೇಳಿದೆ. ಗಲ್ಲಿಯವರು ಮನೆ ತೋರಿಸುವಾಗ ಗಂಗವ್ವನ ಮನೆ ಎಂದೇ ತೋರಿಸಿದ್ದರು.

"ಗೊತ್ತಿರೋದು ಬ್ಯಾರೆ ಅಕ್ಕಾರ, ಹೇಳೋದು ಬ್ಯಾರೆ. ಗೊತ್ತಿದ್ದೂ ಯಾರೂ ಹೇಳಂಗಿಲ್ಲ. ನಾ ಕೋರ್ಟಿನ್ಯಾಗ ನಿಂತು ಹೇಳಿದ್ನಂದ್ರ ಹೇಳಿಧಂಗಾತು. ನನ್ನ ಕಾಲಿಗೆ ರೊಕ್ಕ ಬರ್ತೈತಿ, ಆಕಿ ಒಲಿ ಆರ್ತೈತಿ."

ಆ ಕಾಲು ಇನ್ನು ಭಾರದ ಸೈಕಲ್ಲು ತುಳಿಯುವಂತಿರಲಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಪರಿಹಾರ ಬರದಿದ್ದರೆ ಅವನಿಗೆ ಮುಂದೆ ದಾರಿಯೇ ಇರಲಿಲ್ಲ. ಊರಲ್ಲಿ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಇಷ್ಟೆಲ್ಲ ಗೊತ್ತಿದ್ದೂ ಅವನು ಬಾಯಿ ಹೊಲಿದುಕೊಂಡಿದ್ದ. ಸಿಟ್ಟು ಬಂತು ನನಗೆ. ಬೈಯಲು ಹೋದವಳು ಅವನ ಮುಖ ನೋಡಿ ಚಹಾ ಕುಡಿದು ಎದ್ದೆ. ನಮ್ಮ ಕೆಲಸದಲ್ಲಿ ಯಾವ ಪಕ್ಷದವರಿಗೂ ಹೀಗೆ ಮಾಡಿ ಹಾಗೆ ಮಾಡಿ ಎಂದು ಬುದ್ಧಿ ಹೇಳುವಂತಿಲ್ಲ. ಆ ನಿಯಮ ಅವತ್ತಿನಷ್ಟು ನನಗೆ ಯಾವತ್ತೂ ಭಾರವಾಗಿರಲಿಲ್ಲ.

ಕಂಡದ್ದನ್ನು ಕಂಡಹಾಗೆ ಬರೆದೆ. ಕಾಲು ಬಸವರಾಜನದ್ದು, ಹೆಸರು ಲೈನಿನದ್ದು, ಮಲ್ಲಪ್ಪ ಬದುಕಿಲ್ಲ ಎಂದು. ಪರಾಂಜಪೆಯವರು ಓದಿ ಮುಗಿಸಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದು ಗೋಷ್ಟ್" ಎಂದರು. "ಹೌದು ಸರ್, ಇದರ ಫೋಟೋ ತೆಗೆಯಲು ಬರುವುದಿಲ್ಲ" ಎಂದೆ. ಕಂಪನಿಯವರಿಗೆ ಬೇಕಾದದ್ದು ಇದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ತಿದ್ದಿ ಬರೆಯಿರಿ ಎನ್ನುತ್ತಾರೇನೋ ಎಂದು ಕಾದೆ. ಅವರು ಪೆನ್ನು ತೆಗೆದು ರುಜು ಹಾಕಿ, "ಕತೆಯೇ ನಿಜವಾದರೆ ಏನು ಮಾಡುವುದು" ಎಂದು ಗೊಣಗುತ್ತ ಫೈಲನ್ನು ನನ್ನ ಕಡೆ ತಳ್ಳಿದರು. ಮೇಲಧಿಕಾರಿಗಳ ಬಗ್ಗೆ ನನಗೆ ಹೇಳಲು ಬೇಕಾದಷ್ಟು ದೂರುಗಳಿವೆ. ಅವರ ಬಗ್ಗೆ ಮಾತ್ರ ಒಂದೂ ಇಲ್ಲ.

ವಿಚಾರಣೆಗೆ ನನ್ನನ್ನೂ ಕರೆದರು. ಅಪಘಾತ ಪರಿಹಾರದ ನ್ಯಾಯಮಂಡಳಿ ಎಂದರೆ ಸಿನಿಮಾದ ಕೋರ್ಟಿನಂತಲ್ಲ. ಸಣ್ಣ ಕೋಣೆ, ಫೈಲಿನ ರಾಶಿ, ಊರುಗೋಲು ಹಿಡಿದವರ ಸಾಲು. ನ್ಯಾಯಾಧೀಶರು ಮರಾಠಿಯ ನಡುವಯಸ್ಸಿನ ಹೆಂಗಸು, ಗಡಿಬಿಡಿ ಇಲ್ಲದವರು. ನಾನು ನನ್ನ ರಿಪೋರ್ಟಿನಂತೆಯೇ ಹೇಳಿದೆ. ಕಂಪನಿಯ ವಕೀಲರು ಎದ್ದು, ಮಲ್ಲಪ್ಪ ಸತ್ತದ್ದನ್ನು ನೀವು ನೋಡಿದ್ದೀರಾ ಎಂದು ಕೇಳಿದರು. ಇಲ್ಲ, ಕೇಳಿದ್ದು ಎಂದೆ. ಇವರು ತಮ್ಮ ಭಾಷೆಯವರ ಮೇಲಿನ ಕನಿಕರದಿಂದ ಕೇಳಿದ ಮಾತನ್ನೇ ಬರೆದಿದ್ದಾರೆ ಎಂದು ಹೇಳಿ ನನ್ನನ್ನು ಕೂರಿಸಿದರು. ನಮ್ಮದೇ ಕಡೆಯ ವಕೀಲರು ನಮ್ಮದೇ ರಿಪೋರ್ಟನ್ನು ಹೊಡೆದುಹಾಕುವ ಚಂದವನ್ನು ನಾನು ಅಲ್ಲೇ ನೋಡಿದ್ದು. ಓಣಿಯಿಂದ ಬಂದ ಹಂಸಾಬೆನ್‌ರವರದ್ದು ಇನ್ನೂ ಚಂದ. ಬಸವರಾಜನತ್ತ ಬೆರಳು ತೋರಿಸಿ, ಕಾರು ಗುದ್ದಿದ್ದು ಇವನಿಗೇ, ನಾನೇ ನೀರು ಕುಡಿಸಿದೆ ಎಂದರು. ಇವನ ಹೆಸರೇನು ಎಂದು ವಕೀಲರು ಕೇಳಿದರೆ, ಸತ್ಯಪ್ರಮಾಣ ಮಾಡಿದ ಬಾಯಲ್ಲೇ "ಮಲ್ಲಪ್ಪ" ಎಂದರು.

ಆಮೇಲೆ ಬಸವರಾಜನ ಸರದಿ. ಪೊಲೀಸರಿಗೂ ಆಸ್ಪತ್ರೆಗೂ ಮಲ್ಲಪ್ಪ ಎಂದು ಹೇಳಿದ್ದು ಸುಳ್ಳೇ? ಅವನು ನೆಲ ನೋಡಿದ. ಮಲ್ಲಪ್ಪ ಎಂಬುವನು ಬೇರೆ ಇದ್ದಾನೆಯೇ? ನೆಲ ನೋಡಿದ. ಅವನು ಬದುಕಿದ್ದಾನೆಯೇ? ಊರುಗೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡ, ಬಾಯಿ ಮಾತ್ರ ಬಿಡಲಿಲ್ಲ. ಅವನ ವಕೀಲರೇ ತಲೆ ಮೇಲೆ ಕೈ ಹೊತ್ತು ಕೂತರು. ನ್ಯಾಯಾಧೀಶರು ಫೈಲು ಮುಚ್ಚಿ, ಮುಂದಿನ ತಾರೀಖಿಗೆ ಸರಿಯಾದ ಸಾಕ್ಷಿ ತನ್ನಿ, ಇಲ್ಲವಾದರೆ ನನಗೆ ಬೇರೆ ದಾರಿ ಇರುವುದಿಲ್ಲ ಎಂದರು.

ಹಿಂದಿನ ಬೆಂಚಿನಲ್ಲಿ ಗಂಗವ್ವ ಕೂತಿದ್ದಳು. ಅಳಿಯನಿಗೆ ಬುತ್ತಿ ಕಟ್ಟಿಕೊಂಡು ಬಂದವಳು. ಅವಳಿಗೆ ಧಾರಾವಿಯ ಹಿಂದಿ ಬರುತ್ತಿತ್ತು, ವಕೀಲರ ಇಂಗ್ಲಿಷ್ ಬೆರೆತ ಹಿಂದಿ ಅರ್ಥವಾಗಿರಲಿಲ್ಲ. ಹೊರಗೆ ಬಂದು ನನ್ನ ಸೆರಗು ಹಿಡಿದು ನಿಲ್ಲಿಸಿದಳು. "ತಂಗಿ, ಅವನ್ನ ಏನ್ ಕೇಳಿದ್ರು? ಯಾಕ ಮೂಕ ಆದ?"

ನಾನು ಬುದ್ಧಿ ಹೇಳಲಿಲ್ಲ. ಕೇಳಿದ ಪ್ರಶ್ನೆಗಳನ್ನು ಒಂದೊಂದಾಗಿ ಕನ್ನಡದಲ್ಲಿ ಹೇಳಿದೆ, ಅಷ್ಟೇ. ಕೊನೆಯ ಪ್ರಶ್ನೆ ಕೇಳಿದ ಮೇಲೆ ಅವಳು ಬುತ್ತಿಯ ಗಂಟನ್ನು ಎದೆಗೆ ಹಿಡಿದುಕೊಂಡು ಗೋಡೆಗೆ ಒರಗಿದಳು. ಅವನು ಯಾರಿಗಾಗಿ ಮೂಕನಾಗಿದ್ದ ಎಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆಮೇಲೆ ನೆಟ್ಟಗೆ ನಿಂತು, ಮೆಟ್ಟಿಲು ಇಳಿಯುತ್ತಿದ್ದ ವಕೀಲರನ್ನು "ಓ ಸಾಹೇಬ್" ಎಂದು ಕೂಗಿದಳು.

ಮುಂದಿನ ತಾರೀಖಿಗೆ ಅವಳು ಸಾಕ್ಷಿಯ ಕಟಕಟೆಯಲ್ಲಿದ್ದಳು. ಗಂಡನ ಮರಣಪತ್ರವನ್ನು ಅವಳು ಎಂದೂ ಮಾಡಿಸಿರಲಿಲ್ಲ; ಕೈಯಲ್ಲಿ ಏನೂ ಇಲ್ಲ, ತಲೆ ತುಂಬ ಸೆರಗು. ಹಿಂದಿಯಲ್ಲೇ ಶುರು ಮಾಡಿದವಳು ಎರಡು ಮಾತಿಗೆ ಕನ್ನಡಕ್ಕೆ ಹೊರಳಿದಳು. ನ್ಯಾಯಾಧೀಶರು ಸುತ್ತ ನೋಡಿದಾಗ ಬಸವರಾಜನನ್ನು ಬಿಟ್ಟರೆ ಕನ್ನಡ ಬಲ್ಲವಳು ನಾನೊಬ್ಬಳೇ ಇದ್ದೆ. ಎರಡೂ ಕಡೆಯ ವಕೀಲರು ಒಪ್ಪಿದ ಮೇಲೆ ಪ್ರಮಾಣ ಮಾಡಿಸಿ ನನ್ನನ್ನು ಅವಳ ಪಕ್ಕ ನಿಲ್ಲಿಸಿದರು. ನನ್ನ ಇಡೀ ನೌಕರಿಯಲ್ಲಿ ಕೇಳಿದ ಪ್ರಶ್ನೆಗಳೇ ಜಾಸ್ತಿ. ಇನ್ನೊಬ್ಬರ ಉತ್ತರವನ್ನು ನನ್ನ ಬಾಯಲ್ಲಿ ಹೇಳಿದ್ದು ಅದೊಂದೇ ಸಲ.

ಹೆಸರು? ಗಂಗವ್ವ. ಗಂಡನ ಹೆಸರು?

"ನಮ್ಮನಿಯವ್ರು" ಎಂದಳು.

ನಾನು ಅದನ್ನೇ ಹಿಂದಿಯಲ್ಲಿ ಹೇಳಿದೆ. ಗುಮಾಸ್ತರು ಬೆರಳು ಕೀಬೋರ್ಡಿನ ಮೇಲಿಟ್ಟುಕೊಂಡೇ ತಲೆಯೆತ್ತಿ, ಹೆಸರು ಎಂದರು. ಅವಳು ಮತ್ತೆ "ನಮ್ಮನಿಯವ್ರು, ಲೈನ್ ಕಟ್ಟಿದವ್ರು" ಎಂದಳು. ನ್ಯಾಯಾಧೀಶರಿಗೆ ಅರ್ಥವಾಯಿತು. ಗಂಡನ ಹೆಸರು ಹೇಳದ ಹೆಂಗಸರು ಮರಾಠಿ ಸೀಮೆಯಲ್ಲೂ ಇದ್ದಾರೆ. ಅವರ ಮುಖ ಮೆತ್ತಗಾಯಿತು. "ನೀವು ಹೇಳಿ, ಅವರು ತಲೆ ಆಡಿಸಲಿ" ಎಂದು ನನಗೆ ಹೇಳಿದರು. ಕಂಪನಿಯ ವಕೀಲರು ಎದ್ದು ಆಕ್ಷೇಪ ಎತ್ತಿದರು. ಇಡೀ ಕೇಸು ನಿಂತಿರುವುದೇ ಈ ಒಂದು ಹೆಸರಿನ ಮೇಲೆ, ಅದನ್ನು ಕಂಪನಿಯ ಇನ್ವೆಸ್ಟಿಗೇಟರ್ ಬಾಯಲ್ಲಿ ಹೇಳಿಸಿದರೆ ಹೇಗೆ, ಸಾಕ್ಷಿಯೇ ಹೇಳಬೇಕು ಎಂದರು. ಕಾನೂನಿನಲ್ಲಿ ಅವರ ಮಾತು ಸರಿಯಾಗಿಯೇ ಇತ್ತು.

ನಾನು ಅವಳಿಗೆ ಮೆಲ್ಲಗೆ ತಿಳಿಸಿದೆ. ಬೇಕಾದರೆ ನ್ಯಾಯಾಧೀಶರನ್ನು ಇನ್ನೊಮ್ಮೆ ಕೇಳಿ ನೋಡುತ್ತೇನೆ ಎಂದೆ.

"ಬ್ಯಾಡ ತಂಗಿ" ಎಂದಳು. "ಓಣ್ಯಾಗಿನ ಹೆಂಗಸರು ಎಲ್ಲಾರೂ ಅವರ ಹೆಸರು ಕೂಗ್ಯಾರ. ಇಷ್ಟು ವರ್ಷ ಬಂದವ್ರು ಹೋದವ್ರು ಎಲ್ಲಾರೂ ಅದಕ್ಕ ಓ ಅಂದಾರ. ನಾ ಒಬ್ಬಾಕಿ ಒಮ್ಮಿನೂ ಕರದಿಲ್ಲ."

ಸೆರಗನ್ನು ಇನ್ನಷ್ಟು ಮುಂದೆ ಎಳೆದುಕೊಂಡು, ಕೈ ಜೋಡಿಸಿ, ಕಣ್ಣು ಮುಚ್ಚಿ, "ಮಲ್ಲಪ್ಪ" ಎಂದಳು. ಕೋಣೆಯಲ್ಲಿ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಮಲ್ಲಪ್ಪ ಸತ್ತಾರ್ರಿ. ಇಂವ ನಮ್ಮಣ್ಣನ ಮಗ ಬಸವರಾಜ. ಮುರದದ್ದು ಇವನ ಕಾಲು."

ಹೇಳಬೇಕಾದ ಮೂರು ವಾಕ್ಯಗಳನ್ನು ಹಿಂದಿಯಲ್ಲಿ ಹೇಳಲು ಎರಡು ಸಲ ನೀರು ಕುಡಿದೆ. ಗುಮಾಸ್ತರು ಟೈಪು ಮಾಡಿದರು. ಬೆಂಚಿನ ಮೇಲೆ ಬಸವರಾಜ ಮುಖ ಮುಚ್ಚಿಕೊಂಡಿದ್ದ.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಓಣಿಯವರು, ಗಂಗವ್ವ, ಡಾಕ್ಟರು ಎಲ್ಲರ ಮಾತನ್ನೂ ನ್ಯಾಯಾಧೀಶರು ಒಪ್ಪಿ ತೀರ್ಪು ಬಸವರಾಜನ ಕಡೆಗೆ ಕೊಟ್ಟರು. ಮಲಾಡ್ ಸ್ಟೇಷನ್ನಿನ ಹತ್ತಿರ ಅವನೊಂದು ಸಣ್ಣ ಇಡ್ಲಿ ಗಾಡಿ ಇಟ್ಟ, ಹಿಟ್ಟು ಅತ್ತೆಯದ್ದೇ. ಲೈನಿಗೆ ಮಾತ್ರ ಕಟ್ಟಳೆಯಂತೆ ಬೇರೆಯವರು ಬಂದರು. ಅರ್ಧ ಓಣಿಗಳು ಹೋದವು, ಅರ್ಧ ಉಳಿದವು. ಗಂಗವ್ವನಿಗೆ ಅದು ಕಟಕಟೆ ಹತ್ತುವ ಮೊದಲೇ ಗೊತ್ತಿತ್ತು.

ಆ ದಿನ ಕಟಕಟೆ ಇಳಿದವಳು ಯಾರೊಂದಿಗೂ ಮಾತಾಡದೆ ಕಾರಿಡಾರಿಗೆ ಬಂದಳು. ನಾನು ನೀರಿನ ಬಾಟಲಿ ಕೊಟ್ಟೆ. ಕುಡಿಯದೆ ಕೈಯಲ್ಲಿ ಹಿಡಿದುಕೊಂಡು, "ಈಗ ಖರೇನ ಹೋದ್ರು ನೋಡು ತಂಗಿ" ಎಂದಳು. ಗಂಡ ತೀರಿದ ದಿನ ಗ್ರೈಂಡರ್ ಹಾಕಿದವಳು ಅಳಲು ಕೂತಿರಲೇ ಇಲ್ಲ. ಈಗ ವಕೀಲರು, ಪೊಲೀಸರು, ಚಹಾದವರು ಓಡಾಡುವ ಆ ಕಾರಿಡಾರಿನಲ್ಲಿ ಕಾಲು ಚಾಚಿ ನೆಲಕ್ಕೆ ಕೂತು, ಗಂಡನ ಹೆಸರು ಹಿಡಿದು ಕರೆದು ಕರೆದು ಅತ್ತಳು. ಬಸವರಾಜ ಊರುಗೋಲನ್ನು ಗೋಡೆಗೆ ಒರಗಿಸಿ, ಬಗ್ಗದ ಕಾಲನ್ನು ಮುಂದೆ ಚಾಚಿ, ಕಷ್ಟಪಟ್ಟು ಅವಳ ಪಕ್ಕ ಕೂತ. ಒಳಗಿನಿಂದ ಬಂದ ಕಂಪನಿಯ ವಕೀಲರು ಒಂದು ಗಳಿಗೆ ನಿಂತು, ಕೈಯಲ್ಲಿದ್ದ ಫೈಲನ್ನು ಕಂಕುಳಿಗೆ ಸೇರಿಸಿ, ಅವರನ್ನು ದಾಟದೆ ಹಿಂದಿನ ಬಾಗಿಲಿನಿಂದ ಹೋದರು.